ಜಾರುವ ಏಣಿ ಮತ್ತು ಅವ್ಯಕ್ತ ಅವಕಲನ

ಕಾಸರಗೋಡಿನ ಈ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಗಣಿತ ಕಲಿತು ಪ್ರೀ-ಡಿಗ್ರಿಗೆ ಸೇರಿದ ನನ್ನಂಥವರಿಗೆ ಕಲನಶಾಸ್ತ್ರವು ಇಂಗ್ಲಿಷಿನಲ್ಲಿಯೇ ಎದುರಾಯಿತು. ‘ವಿತ್ ರೆಸ್ಪೆಕ್ಟ್ ಟು ಎಕ್ಸ್’ ಎಂದು ಅಧ್ಯಾಪಕರು ಹೆಜ್ಜೆಹೆಜ್ಜೆಗೂ ಹೇಳುತ್ತಿದ್ದರು. ರೆಸ್ಪೆಕ್ಟ್ ಎಂದರೆ ಗೌರವವೆಂದಷ್ಟೇ ಬಲ್ಲ ನನಗೆ, ಆ ಎಕ್ಸ್‌ಗೆ ಇಷ್ಟೊಂದು ಮರ್ಯಾದೆ ಏಕೆಂದು ತಿಳಿಯುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಈ ಭಾಗದ ಲೆಕ್ಕಕ್ಕೆ ಸೊನ್ನೆ ಬಂದಾಗ ಗಣಿತವನ್ನೇ ಬಿಡುವ ಯೋಚನೆ ಬಂದಿತ್ತು. ‘ಯಾವುದರ ಬದಲಾವಣೆಗೆ ಹೋಲಿಸಿ ಇದರ ಬದಲಾವಣೆಯನ್ನು ಅಳೆಯುತ್ತಿದ್ದೇವೆ?’ ಎಂಬುದೇ ಆ ಮಾತಿನ ತಿರುಳೆಂದು ಅರಿಯಲು ಒಂದು ವರ್ಷ ಹಿಡಿಯಿತು. ಕಿರಿಯರಿಗೆ ಆ ವರ್ಷ ಉಳಿಯಲೆಂದು ಈ ಬರಹ. ಎಕ್ಸ್, ವೈಗಳಿಗೆ ಬದಲಾಗಿ ಕ್ಷ, ಯ ಎಂದು ಬರೆಯುತ್ತೇನೆ.

ಕ್ಷ² + ಯ² = 25 ಎಂಬುದು ತ್ರಿಜ್ಯ 5 ಇರುವ ವೃತ್ತ. ಯ ಇಷ್ಟೆಂದು ಇಲ್ಲಿ ಬಿಡಿಸಿ ಹೇಳಿಲ್ಲ. ಅದು ಸಮೀಕರಣದೊಳಗೆ ಅಡಗಿದೆ. ಆದುದರಿಂದ ಅದು ಕ್ಷದ ಅವ್ಯಕ್ತ ಫಲನ. ಬಿಡಿಸದೆಯೇ ಎರಡೂ ಬದಿಗಳನ್ನು ಕ್ಷದ ಕುರಿತು ಅವಕಲಿಸೋಣ. ಕ್ಷ² ಎಂಬುದು 2ಕ್ಷ ಆಗುತ್ತದೆ. ಆದರೆ ಯ² ಬರಿಯ 2ಯ ಆಗದು. ಕ್ಷ ಬದಲಾದಂತೆ ಯ ತಾನೂ ಬದಲಾಗುವುದರಿಂದ, ಸರಪಳಿ ನಿಯಮದಂತೆ ಅದು 2ಯ × ಯ′ ಆಗುತ್ತದೆ. ಯ′ ಎಂದರೆ ಕ್ಷದ ಕುರಿತು ಯದ ಬದಲಾವಣೆಯ ದರ. 25 ಸ್ಥಿರಾಂಕವಾದುದರಿಂದ ಅದರ ಅವಕಲನ ಸೊನ್ನೆ. ಹೀಗೆ ಯ′ = −ಕ್ಷ/ಯ. (3, 4) ಬಿಂದುವಿನಲ್ಲಿ ಸ್ಪರ್ಶರೇಖೆಯ ಇಳಿಜಾರು −3/4, ಅಲ್ಲಿಗೆಳೆದ ತ್ರಿಜ್ಯದ ಇಳಿಜಾರು 4/3, ಗುಣಲಬ್ಧ −1. ಸ್ಪರ್ಶರೇಖೆಯು ತ್ರಿಜ್ಯಕ್ಕೆ ಲಂಬವೆಂದು ನಾವು ಇಲ್ಲಿ ಬಾಯಿಪಾಠ ಮಾಡಿದ್ದು ತಾನಾಗಿಯೇ ಹೊರಬಂತು.

ವೃತ್ತಕ್ಕಾದರೆ ವರ್ಗಮೂಲ ತೆಗೆದು ಯವನ್ನು ಬಿಡಿಸಬಹುದಿತ್ತು. 1638ರಲ್ಲಿ ದೇಕಾರ್ತ್ ಫೆರ್ಮಾನ ಮುಂದೆ ಸವಾಲಾಗಿ ಒಡ್ಡಿದ, ಕ್ಷ³ + ಯ³ = 6 × ಕ್ಷ × ಯ ಎಂಬಂಥ ವಕ್ರರೇಖೆಯಲ್ಲಿ ಬಿಡಿಸಹೊರಟವನು ಬಳಲುತ್ತಾನೆ.

ವೃತ್ತದ ಸಮೀಕರಣವನ್ನೇ ಈಗ ಮನೆಯಂಗಳಕ್ಕೆ ತರೋಣ. ಮುರಕಲ್ಲಿನ ಗೋಡೆಗೆ 5 ಮೀಟರ್ ಉದ್ದದ ಏಣಿ ಒರಗಿದೆ. ಮಳೆಗಾಲದ ಪಾಚಿಯ ಮೇಲೆ ಅದರ ಬುಡ ಸೆಕೆಂಡಿಗೆ 40 ಸೆಂಟಿಮೀಟರ್ ವೇಗದಲ್ಲಿ ಜಾರುತ್ತಿದೆ. ಬುಡವು ಗೋಡೆಯಿಂದ 3 ಮೀಟರ್ ದೂರವಿರುವಾಗ ತುದಿ ಯಾವ ವೇಗದಲ್ಲಿ ಇಳಿಯುತ್ತದೆ? ಬುಡದ ದೂರ ಕ್ಷ, ತುದಿಯ ಎತ್ತರ ಯ ಎಂದಾದರೆ, ಪೈಥಾಗೊರಸನ ಪ್ರಮೇಯದಿಂದ ಮತ್ತೆ ಕ್ಷ² + ಯ² = 25. ಈ ಸಲ ಎರಡೂ ಕಾಲದ ಕುರಿತು ಬದಲಾಗುತ್ತವೆ:

2ಕ್ಷ × (ಕ್ಷದ ದರ) + 2ಯ × (ಯದ ದರ) = 0

ಆಮೇಲೆ ಕ್ಷ = 3, ಯ = 4, ಕ್ಷದ ದರ 40 ಎಂದು ತುಂಬಿದರೆ ಯದ ದರ −30. ತುದಿ ಸೆಕೆಂಡಿಗೆ 30 ಸೆಂಟಿಮೀಟರ್ ಕೆಳಗಿಳಿಯುತ್ತಿದೆ.

‘ಆಮೇಲೆ’ ಎಂಬ ಪದದಲ್ಲಿಯೇ ನನ್ನ ಸೊನ್ನೆಯ ಗುಟ್ಟು ಅಡಗಿತ್ತು. ನಾನು ಮೊದಲೇ ಅಂಕಿ ತುಂಬಿ 9 + 16 = 25 ಎಂದು ಬರೆದು, ಅದನ್ನು ಅವಕಲಿಸಿದ್ದೆ. ಸಿಕ್ಕಿದ್ದು 0 = 0. ಜಾರುವ ಏಣಿಗೆ ಮೊಳೆ ಹೊಡೆದು ನಿಲ್ಲಿಸಿ, ಅದರ ವೇಗವೆಷ್ಟೆಂದು ಕೇಳಿದ ಹಾಗಾಗಿತ್ತು!

ಎಲ್ಲ ರಾಶಿಗಳೂ ಕಾಲದೊಂದಿಗೆ ಹರಿಯುತ್ತವೆಂಬ ಕಲ್ಪನೆಯಿಂದಲೇ ನ್ಯೂಟನ್ ಹೊರಟಿದ್ದನು. 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರು ಗ್ರಹಗಳ ‘ತಾತ್ಕಾಲಿಕ ಗತಿ’ಯನ್ನು, ಅಂದರೆ ಆ ಕ್ಷಣದ ವೇಗವನ್ನು, ಗಣಿಸಿದ್ದಾರೆ. ಆ ಪದವೊಂದು ಅಂದು ಕಿವಿಗೆ ಬಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ವಿದ್ಯಾರ್ಥಿಗಳು ಇದೇ ಏಣಿಯನ್ನು ಮುಂದಕ್ಕೆ ಜಾರಿಸಿ ನೋಡಲಿ. ಬುಡದ ವೇಗ 40 ಆಗಿಯೇ ಇದ್ದರೂ ದೂರ 4 ಮೀಟರ್ ಆದಾಗ ತುದಿಯ ವೇಗ ಸುಮಾರು 53, 4.8 ಮೀಟರ್ ಆದಾಗ ಸುಮಾರು 137. ಎತ್ತರವು ಸೊನ್ನೆಯನ್ನು ಸಮೀಪಿಸಿದಂತೆ ಸೂತ್ರವು ಅನಂತ ವೇಗವನ್ನು ಹೇಳತೊಡಗುತ್ತದೆ. ನಿಜವಾದ ಏಣಿಯ ತುದಿ ಅದಕ್ಕೆ ಮೊದಲೇ ಗೋಡೆಯನ್ನು ಬಿಟ್ಟಿರುತ್ತದೆ.