ನೆಗಡಿಯಿಲ್ಲದ ಜ್ವರಕ್ಕೆ ಮೊದಲು ಮೂತ್ರ ಪರೀಕ್ಷೆ

ಜ್ವರ ಬಂದ ಮಗುವನ್ನು ಕರೆತಂದರೆ ನಾವು ಮಕ್ಕಳ ವೈದ್ಯರು ಮೂಗು, ಗಂಟಲು, ಕಿವಿ ನೋಡುತ್ತೇವೆ, ಎದೆಗೆ ಸ್ಟೆತಾಸ್ಕೋಪ್ ಇಡುತ್ತೇವೆ. ಎಲ್ಲೂ ಏನೂ ಸಿಗದಿದ್ದರೆ ಮುಂದೆ ನೋಡಬೇಕಾದದ್ದು ಮೂತ್ರವನ್ನು. ಎರಡು ವರ್ಷದೊಳಗಿನ ಮಗುವಿಗೆ ಕಾರಣ ಕಾಣದ ಜ್ವರ ಬಂದರೆ, ಹೆಚ್ಚುಕಡಿಮೆ 20 ಮಕ್ಕಳಲ್ಲಿ ಒಂದಕ್ಕೆ ಅದು ಮೂತ್ರದ ಸೋಂಕಿನಿಂದ ಬಂದಿರುತ್ತದೆ. ಆ ವಯಸ್ಸಿನ ಮಗು ಉರಿ ಎಂದು ಹೇಳಲಾರದು. ಹಾಲು ಬೇಡ ಎನ್ನುತ್ತದೆ, ವಾಂತಿ ಮಾಡಿಕೊಳ್ಳುತ್ತದೆ, ಸುಮ್ಮನೆ ಕಿರಿಕಿರಿ ಮಾಡುತ್ತದೆ. ಮನೆಯಲ್ಲಿ ಒಬ್ಬರು ಹಲ್ಲು ಬರುತ್ತಿದೆ ಎನ್ನುತ್ತಾರೆ, ಇನ್ನೊಬ್ಬರು ದೃಷ್ಟಿ ತೆಗೆಯುತ್ತಾರೆ, ಅಷ್ಟರಲ್ಲಿ ಎರಡು ದಿನ ಕಳೆದಿರುತ್ತದೆ.

ಮಾತು ಬಂದ ಮಕ್ಕಳದ್ದು ಬೇರೆ ಕಥೆ. ‘ಒಂದಕ್ಕೆ ಹೋದ್ರೆ ಉರಿಯುತ್ತಮ್ಮಾ’ ಎಂದು ಐದು ವರ್ಷದ ಹುಡುಗಿ ಹೇಳಿದ ಕೂಡಲೇ ಅಜ್ಜಿಯ ತೀರ್ಪು: ಉಷ್ಣ ಆಗಿದೆ. ಹೊಕ್ಕುಳಿಗೆ ಹರಳೆಣ್ಣೆ, ಕುಡಿಯಲು ಎಳನೀರು, ಜೀರಿಗೆ ನೀರು, ಬಾರ್ಲಿ ಗಂಜಿ. ಇವ್ಯಾವುದಕ್ಕೂ ನನ್ನ ತಕರಾರಿಲ್ಲ. ಬೇಸಿಗೆಯಲ್ಲಿ ನೀರು ಸಾಲದೆ ಮೂತ್ರ ಗಟ್ಟಿಯಾಗಿ ಉರಿಯುವುದೂ ಉಂಟು, ನಾಲ್ಕು ಲೋಟ ನೀರು ಒಳಗೆ ಹೋದರೆ ಅಂಥ ಉರಿ ಸಂಜೆಯೊಳಗೆ ಇಳಿಯುತ್ತದೆ. ಮರುದಿನವೂ ಉರಿ ಉಳಿದರೆ, ಗಳಿಗೆಗೊಮ್ಮೆ ಹೋಗಿ ನಾಲ್ಕು ಹನಿ ಬಂದರೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದರೆ, ಮೂತ್ರ ಕದಡಿದ್ದರೆ ಅಥವಾ ಕೆಂಪಾಗಿದ್ದರೆ ಎಣ್ಣೆ ಸವರುತ್ತಾ ಕಾಯಬೇಡಿ. ಇದರ ಜೊತೆಗೆ ಜೋರು ಜ್ವರ, ಚಳಿ, ವಾಂತಿ, ಪಕ್ಕೆ ಅಥವಾ ಬೆನ್ನು ನೋವು ಇದ್ದರೆ ಸೋಂಕು ಮೂತ್ರಕೋಶ ದಾಟಿ ಕಿಡ್ನಿ ಮುಟ್ಟಿದೆ ಎಂದೇ ಲೆಕ್ಕ. ಅವತ್ತೇ ತೋರಿಸಬೇಕು. ಮೂರು ತಿಂಗಳೊಳಗಿನ ಕೂಸಿಗಾದರೆ ಜ್ವರ ಒಂದೇ ಸಾಕು, ಆಸ್ಪತ್ರೆಗೆ ಹೊರಡಲು.

ಸೋಂಕು ಹೊರಗಿನಿಂದ ಬಂದದ್ದಲ್ಲ, ಇನ್ನೊಬ್ಬರಿಂದ ಅಂಟಿದ್ದೂ ಅಲ್ಲ. ಹತ್ತರಲ್ಲಿ ಎಂಟು ಸಲ ಕಾರಣ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಅದು ನಮ್ಮೆಲ್ಲರ ಕರುಳಿನಲ್ಲೂ ಯಾರಿಗೂ ತೊಂದರೆ ಕೊಡದೆ ಇರುತ್ತದೆ. ಮಲದ್ವಾರದ ಸುತ್ತಿನಿಂದ ಮೂತ್ರನಾಳ ಹತ್ತಿ ಮೂತ್ರಕೋಶದ ಗೋಡೆಗೆ ಅಂಟಿಕೊಂಡಾಗ ಮಾತ್ರ ತೊಂದರೆ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡ, ಮಲದ್ವಾರಕ್ಕೂ ಹತ್ತಿರ, ಆದ್ದರಿಂದ ಅವರಲ್ಲಿ ಹೆಚ್ಚು. ಹುಟ್ಟಿದ ಮೊದಲ ಕೆಲವು ತಿಂಗಳು ಮಾತ್ರ ಗಂಡುಮಕ್ಕಳದ್ದೇ ಮೇಲುಗೈ. ತಕ್ಕ ವಾತಾವರಣ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮೂತ್ರಕೋಶ ಆಗಾಗ ಪೂರ್ತಿ ಖಾಲಿಯಾಗುತ್ತಿದ್ದರೆ ಅದಕ್ಕೆ ನೆಲೆ ಸಿಗದು.

ಇದೇ ಲೆಕ್ಕ ಪರೀಕ್ಷೆಯ ಬಾಟಲಿಗೂ ಅನ್ವಯಿಸುತ್ತದೆ. ಬೆಳಗ್ಗೆ ಆರಕ್ಕೆ ಹಿಡಿದ ಮೂತ್ರವನ್ನು ಕಿಟಕಿಯ ಮೇಲಿಟ್ಟು ಹತ್ತಕ್ಕೆ ಲ್ಯಾಬಿಗೆ ಕೊಟ್ಟರೆ, ಚರ್ಮದಿಂದ ಜಾರಿ ಬಿದ್ದ ನಾಲ್ಕಾರು ಬ್ಯಾಕ್ಟೀರಿಯಾಗಳೂ ಅಷ್ಟರಲ್ಲಿ ಸಾವಿರಗಟ್ಟಲೆ ಆಗಿರುತ್ತವೆ. ರಿಪೋರ್ಟು ಸೋಂಕಿದೆ ಎನ್ನುತ್ತದೆ, ಮಗು ಬೇಡದ ಔಷಧಿ ಕುಡಿಯುತ್ತದೆ. ಹಿಡಿದ ಒಂದು ಗಂಟೆಯೊಳಗೆ ಲ್ಯಾಬು ತಲುಪಿಸಿ. ಆಗದಿದ್ದರೆ ಮುಚ್ಚಳ ಬಿಗಿಮಾಡಿ, ಕವರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಿ ಅಲ್ಲ. ಬಾಟಲಿ ಲ್ಯಾಬಿನವರು ಕೊಡುವ ಸ್ಟೆರೈಲ್ ಡಬ್ಬಿಯೇ ಆಗಬೇಕು, ತೊಳೆದ ಸಿರಪ್ ಬಾಟಲಿ ಆಗದು.

ಹಿಡಿಯುವುದಕ್ಕೂ ಒಂದು ಕ್ರಮವಿದೆ. ಬರೀ ನೀರಿನಿಂದ ತೊಳೆದು ಒರೆಸಿ, ಮೊದಲ ಧಾರೆಯನ್ನು ಬಿಟ್ಟು ನಡುವಿನದನ್ನು ಡಬ್ಬಿಗೆ ಹಿಡಿಯಿರಿ, ಒಳಭಾಗಕ್ಕೆ ಬೆರಳು ತಾಗಬಾರದು. ಕೂಸುಗಳಿಗೆ ಅಂಟಿಸುವ ಪ್ಲಾಸ್ಟಿಕ್ ಚೀಲ ಸುಲಭ, ಆದರೆ ಚರ್ಮದ ಬ್ಯಾಕ್ಟೀರಿಯಾವೆಲ್ಲ ಅದರಲ್ಲಿ ಸೇರುವುದರಿಂದ ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಅದು ನಂಬಿಕೆಯದ್ದಲ್ಲ. ಹಾಲು ಕುಡಿಸಿದ ಮೇಲೆ ತಣ್ಣೀರಿನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಮೆತ್ತಗೆ ಉಜ್ಜುತ್ತಿದ್ದರೆ ಎಷ್ಟೋ ಕೂಸುಗಳು ಐದು ನಿಮಿಷದೊಳಗೆ ಧಾರೆ ಬಿಡುತ್ತವೆ, ಡಬ್ಬಿ ಹಿಡಿದು ಸಿದ್ಧರಾಗಿರಬೇಕಷ್ಟೆ. ಆಗಲೂ ಬರದೆ, ಮಗುವಿಗೆ ಜ್ವರ ಜೋರಿದ್ದರೆ ವೈದ್ಯರು ಸಣ್ಣ ನಳಿಕೆ ಹಾಕಿ ಮೂತ್ರ ತೆಗೆಯುತ್ತಾರೆ. ಪೋಷಕರು ಗಾಬರಿಯಾಗುವುದು ಇಲ್ಲೇ. ಒಂದು ನಿಮಿಷದ ಅಳು, ಬದಲಿಗೆ ಅನುಮಾನವಿಲ್ಲದ ಉತ್ತರ.

ಇಷ್ಟೆಲ್ಲ ಆಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುನ್ನ ಆಗಬೇಕು. ಮೆಡಿಕಲ್ ಶಾಪಿನಿಂದ ಹಿಂದಿನ ಸಲದ ಚೀಟಿ ತೋರಿಸಿ ತಂದ ಸಿರಪ್ ಎರಡು ಡೋಸ್ ಹಾಕಿ ಆಮೇಲೆ ಪರೀಕ್ಷೆಗೆ ಬಂದರೆ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ, ರೋಗವೂ ಪೂರ್ತಿ ಹೋಗಿರುವುದಿಲ್ಲ. ರೊಟೀನ್ ಪರೀಕ್ಷೆಯಲ್ಲಿ ಪಸ್ ಸೆಲ್ಸ್ ಹೆಚ್ಚಿವೆ ಎಂದರೆ ಅನುಮಾನ ಬಲವಾಯಿತು ಎಂದಷ್ಟೇ ಅರ್ಥ, ಬೇರೆ ಜ್ವರಗಳಲ್ಲೂ ಅವು ಏರಬಹುದು. ಖಚಿತಪಡಿಸುವುದು ಕಲ್ಚರ್. ಅದಕ್ಕೆ ಸುಮಾರು ಎರಡು ದಿನ ಬೇಕು. ನಡುಧಾರೆಯ ಮೂತ್ರದಲ್ಲಿ ಮಿಲಿಲೀಟರಿಗೆ 1 ಲಕ್ಷದಷ್ಟು ಒಂದೇ ಜಾತಿಯ ಬ್ಯಾಕ್ಟೀರಿಯಾ ಬೆಳೆದರೆ ಸೋಂಕು. ಮೂರು ನಾಲ್ಕು ಜಾತಿ ಕಲೆಸಿ ಬೆಳೆದಿದ್ದರೆ ಬಹುಮಟ್ಟಿಗೆ ಹಿಡಿಯುವಾಗ ಆದ ಎಡವಟ್ಟು. ಅದರ ಕೆಳಗೆ ಔಷಧಿಗಳ ಪಟ್ಟಿಯ ಮುಂದೆ ಎಸ್ ಮತ್ತು ಆರ್ ಎಂದಿರುತ್ತದೆ: ಎಸ್ ಇದ್ದದ್ದು ಕೆಲಸ ಮಾಡುತ್ತದೆ, ಆರ್ ಇದ್ದದ್ದಕ್ಕೆ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ. ನಮ್ಮಲ್ಲಿ ಆರ್‌ಗಳ ಸಾಲು ಉದ್ದವಾಗುತ್ತಿದೆ, ಚೀಟಿಯಿಲ್ಲದೆ ಕೊಂಡು ಅರ್ಧಕ್ಕೆ ಬಿಟ್ಟ ಸಿರಪ್ಪುಗಳ ಪಾಲೂ ಅದರಲ್ಲಿದೆ.

ಜ್ವರವಿರುವ ಮಗುವಿಗೆ ರಿಪೋರ್ಟು ಬರುವವರೆಗೆ ಕಾಯುವುದಿಲ್ಲ. ಮೂತ್ರ ಹಿಡಿದ ಕೂಡಲೇ ಔಷಧಿ ಶುರು, ಕಲ್ಚರ್ ಬಂದ ಮೇಲೆ ಬೇಕಿದ್ದರೆ ಬದಲಾವಣೆ. ಕಿಡ್ನಿಗೆ ಏರಿದ ಸೋಂಕಿಗೆ ಸಾಮಾನ್ಯವಾಗಿ 7ರಿಂದ 10 ದಿನ, ಬರೀ ಮೂತ್ರಕೋಶದ್ದಾದರೆ ದೊಡ್ಡ ಮಕ್ಕಳಿಗೆ ಅದಕ್ಕಿಂತ ಕಡಿಮೆ. 48 ಗಂಟೆಯಲ್ಲಿ ಜ್ವರ ಇಳಿಮುಖವಾಗಬೇಕು, ಆಗದಿದ್ದರೆ ವಾಪಸ್ ಬನ್ನಿ. ಮೂರನೇ ದಿನ ಮಗು ಕುಣಿಯುತ್ತಿದೆ ಎಂದು ಬಾಟಲಿ ಮುಚ್ಚಿಡಬೇಡಿ. ಉರಿಗೆ ಕೊಡುವ ಆಲ್ಕಲೈಸರ್ ಸಿರಪ್ ಹಿತ ಕೊಡಬಹುದು, ಸೋಂಕನ್ನು ಕೊಲ್ಲದು. ಗುಣವಾದ ಮೇಲೆ ‘ಎಲ್ಲ ಹೋಗಿದೆಯೇ ನೋಡೋಣ’ ಎಂದು ಮತ್ತೆ ಕಲ್ಚರ್ ಮಾಡಿಸುವ ಅಗತ್ಯ ಆರೋಗ್ಯವಾಗಿರುವ ಮಗುವಿಗೆ ಇರುವುದಿಲ್ಲ.

ಸ್ಕ್ಯಾನ್ ಏಕೆ ಎಂದು ಕೇಳುತ್ತಾರೆ. ಜ್ವರದೊಂದಿಗೆ ಸೋಂಕಾದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮೂತ್ರ ಕೆಳಗಿಳಿಯುವ ಬದಲು ಕಿಡ್ನಿಯತ್ತ ಹಿಮ್ಮುಖವಾಗಿ ಹರಿಯುವ ತೊಂದರೆ ಇರುತ್ತದೆ. ಹೆಚ್ಚಿನವರಲ್ಲಿ ಬೆಳೆದಂತೆ ತಾನಾಗಿ ಸರಿಹೋಗುತ್ತದೆ. ತೀವ್ರವಾಗಿದ್ದರೆ, ಸೋಂಕು ಮರುಕಳಿಸುತ್ತಿದ್ದರೆ ಕಿಡ್ನಿಯ ಮೇಲೆ ಕಲೆ ಉಳಿದು ಮುಂದೆ ಬಿಪಿಗೆ ದಾರಿಯಾಗಬಹುದು. ಮೊದಲಿಗೆ ನೋವಿಲ್ಲದ ಅಲ್ಟ್ರಾಸೌಂಡ್ ಸಾಕು, ಉಳಿದ ಪರೀಕ್ಷೆಗಳು ಅದರಲ್ಲಿ ಏನು ಕಂಡಿತು, ಸೋಂಕು ಎಷ್ಟು ಸಲ ಬಂತು ಎಂಬುದರ ಮೇಲೆ. ಗಂಡುಕೂಸಿನ ಮೂತ್ರ ಧಾರೆಯಾಗಿ ಹಾರದೆ ಸದಾ ತೊಟ್ಟಿಕ್ಕುತ್ತಿದ್ದರೆ ಮಾತ್ರ ಸೋಂಕಿಗೆ ಕಾಯದೆ ತೋರಿಸಿ, ದಾರಿಯಲ್ಲಿ ಹುಟ್ಟಿನಿಂದಲೇ ಅಡ್ಡಿ ಇರಬಹುದು. ಮುಂದೊಗಲನ್ನು ಬಲವಂತವಾಗಿ ಹಿಂದೆಳೆದು ತೊಳೆಯುವುದು ಬೇಡ. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ಬರೀ ನೀರು ಸಾಕು, ಜಾಹೀರಾತಿನ ವಾಶ್‌ಗಳು ಬೇಡವೇ ಬೇಡ.

ಮತ್ತೆ ಮತ್ತೆ ಸೋಂಕು ಬರುವ ಶಾಲಾ ಮಕ್ಕಳ ತಾಯಂದಿರನ್ನು ನಾನು ಮೊದಲು ಕೇಳುವುದು ಮೂತ್ರದ ವಿಷಯವನ್ನಲ್ಲ, ‘ಎರಡಕ್ಕೆ ಹೇಗೆ ಹೋಗುತ್ತಾಳೆ?’ ಎಂದು. ಎರಡು ಮೂರು ದಿನಕ್ಕೊಮ್ಮೆ, ಗಟ್ಟಿಯಾಗಿ, ಮುಕ್ಕರಿದು ಹೋಗುವ ಮಗುವಿನ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ಅದು ಪೂರ್ತಿ ಖಾಲಿಯಾಗದು. ಮಲಬದ್ಧತೆಗೆ ಔಷಧಿ ಕೊಟ್ಟರೆ ಎಷ್ಟೋ ಮಕ್ಕಳಲ್ಲಿ ಮೂತ್ರದ ಸೋಂಕು ನಿಂತೇಹೋಗುತ್ತದೆ. ತರಕಾರಿ, ಹಣ್ಣು, ನೀರು ಸರಿಯೇ, ತಿಂಗಳುಗಟ್ಟಲೆ ಕಟ್ಟಿಕೊಂಡದ್ದಕ್ಕೆ ಬಾಳೆಹಣ್ಣೊಂದೇ ಸಾಲದು.

ಆಮೇಲಿನ ಪ್ರಶ್ನೆ ಶಾಲೆಯದ್ದು. ಆರು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 210 ಮಿಲಿಲೀಟರ್, ಒಂದು ಲೋಟದಷ್ಟು. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿದರೆ ನಿಮ್ಮ ಮಗುವಿನದ್ದೂ ಅಂದಾಜು ಸಿಗುತ್ತದೆ. ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿದ ಹುಡುಗಿ ಮೂರೂವರೆಗೆ ಮನೆಗೆ ಬಂದು ಬ್ಯಾಗೂ ಇಳಿಸದೆ ಬಚ್ಚಲಿಗೆ ಓಡುತ್ತಾಳೆ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇದೆ. ಕೇಳಿದರೆ ಶೌಚಾಲಯದ ಚಿಲಕ ಮುರಿದಿದೆ, ನೆಲವೆಲ್ಲ ಒದ್ದೆ, ನಲ್ಲಿಯಲ್ಲಿ ನೀರಿಲ್ಲ, ‘ಮಿಸ್ ಪೀರಿಯಡ್ ಮಧ್ಯೆ ಬಿಡಲ್ಲ’. ಒಂದಕ್ಕೆ ಹೋಗಬೇಕಾಗುತ್ತದೆಂದು ನೀರೇ ಕುಡಿಯದ ಮಕ್ಕಳು ಎಲ್ಲ ಬಗೆಯ ಶಾಲೆಗಳಲ್ಲೂ ಇದ್ದಾರೆ. 2019ರಲ್ಲಿ ಕೇರಳದ ಶಾಲೆಗಳಿಂದ ಸುದ್ದಿಯಾದ ‘ವಾಟರ್ ಬೆಲ್’ ಕರ್ನಾಟಕಕ್ಕೂ ಬಂತು, ಗಂಟೆ ಹೊಡೆದಾಗ ಮಕ್ಕಳೆಲ್ಲ ನೀರು ಕುಡಿಯಬೇಕು. ಒಳ್ಳೆಯದೇ. ಆದರೆ ಕುಡಿದ ನೀರು ಹೊರಹೋಗಲು ಚಿಲಕವಿರುವ ಬಾಗಿಲು ಬೇಕಲ್ಲ.

ಪೋಷಕರ ಸಭೆಯಲ್ಲಿ ಅಂಕಗಳ ಮಾತು ಮುಗಿದ ಮೇಲೆ ಎದ್ದು ಹೋಗಿ ಆ ಶೌಚಾಲಯವನ್ನು ಒಮ್ಮೆ ಕಣ್ಣಾರೆ ನೋಡಿ. ಎರಡು ಮೂರು ಗಂಟೆಗೊಮ್ಮೆ, ಕೇಳಿದಾಗಲೆಲ್ಲ ಈ ಮಗುವನ್ನು ಬಿಡಬೇಕು ಎಂಬ ಚೀಟಿ ಬೇಕಿದ್ದರೆ ಕ್ಲಾಸ್ ಟೀಚರ್ ಹೆಸರಿಗೆ ಬರೆದುಕೊಡಲು ವೈದ್ಯರನ್ನು ಕೇಳಿ, ಇಲ್ಲ ಎನ್ನುವವರಿಲ್ಲ. ಮನೆಯಲ್ಲಿ ಮಗು ಕಮೋಡಿನ ಮೇಲೆ ಕೂರುವಾಗ ಕಾಲು ಜೋತಾಡದಂತೆ ಕೆಳಗೊಂದು ಮಣೆ ಇಡಿ, ಗಡಿಬಿಡಿ ಮಾಡದೆ ಪೂರ್ತಿ ಖಾಲಿಮಾಡಲು ಬಿಡಿ. ಹಳೆಯ ಕಲ್ಚರ್ ರಿಪೋರ್ಟುಗಳನ್ನು ಒಂದು ಫೈಲಿನಲ್ಲಿಟ್ಟಿರಿ. ಮುಂದೆ ಜ್ವರ ಬಂದು ಊರಲ್ಲೋ ಪ್ರಯಾಣದಲ್ಲೋ ಹೊಸ ವೈದ್ಯರ ಬಳಿ ಹೋಗಬೇಕಾದರೆ, ಯಾವ ಔಷಧಿಯಿಂದ ಶುರುಮಾಡಬೇಕೆಂದು ಅವರು ತೀರ್ಮಾನಿಸುವುದು ಅದನ್ನು ನೋಡಿಯೇ.