ಹುಣಸೆ ಬೀಜದಲ್ಲಿ ಕಲ್ಲಿದ್ದಲು, ಅವರೆಕಾಳಿನಲ್ಲಿ ಬಿಸಿಲು

ಪ್ರಾಥಮಿಕ ಶಾಲೆಯ ಮಕ್ಕಳಿಗೆ ಶಕ್ತಿ ಮೂಲಗಳನ್ನು ಕಲಿಸಲು ಐದು ಪೀರಿಯಡ್‌ಗಳ ಯೋಜನೆ

‘ನವೀಕರಿಸಬಹುದಾದ ಶಕ್ತಿ ಮೂಲಗಳಿಗೆ ಎರಡು ಉದಾಹರಣೆ ಕೊಡಿ’ ಎಂದರೆ ನಾಲ್ಕನೇ ತರಗತಿಯ ಮಗು ‘ಸೌರಶಕ್ತಿ, ಪವನಶಕ್ತಿ’ ಎಂದು ಥಟ್ಟನೆ ಹೇಳುತ್ತದೆ. ‘ಹಾಗಾದರೆ ಸೌದೆ?’ ಎಂದು ಕೇಳಿ ನೋಡಿ. ಅರ್ಧ ತರಗತಿ ಒಂದು ಕಡೆ, ಇನ್ನರ್ಧ ಇನ್ನೊಂದು ಕಡೆ. ಹೊಗೆ ಬರುತ್ತದೆ, ಹಾಗಾಗಿ ಅದು ಕೆಟ್ಟದ್ದು, ಕೆಟ್ಟದ್ದೆಲ್ಲ ನವೀಕರಿಸಲಾಗದ್ದು ಎಂಬುದು ಅನೇಕ ಮಕ್ಕಳ ತರ್ಕ. ಒಳ್ಳೆಯದು, ಕೆಟ್ಟದ್ದು ಎಂಬ ಎರಡು ಪಟ್ಟಿ ಬಾಯಿಪಾಠವಾಗಿದೆ. ಆದರೆ ಬಳಸಿದ್ದು ಎಷ್ಟು ಬೇಗ ಮತ್ತೆ ತುಂಬಿಕೊಳ್ಳುತ್ತದೆ ಎಂಬ ಲೆಕ್ಕ ತಲೆಗಿಳಿದಿಲ್ಲ. ಈ ಪಾಠದಲ್ಲಿ ಮಕ್ಕಳಿಗೆ ದಾಟಿಸಬೇಕಾದದ್ದು ಆ ಲೆಕ್ಕವನ್ನೇ.

ಮೂರರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ 40 ನಿಮಿಷದ ಐದು ಪೀರಿಯಡ್‌ಗಳಲ್ಲಿ ಇದನ್ನು ಮಾಡಿ ಮುಗಿಸಬಹುದು. ಲ್ಯಾಬ್ ಬೇಡ, ಪ್ರೊಜೆಕ್ಟರ್ ಬೇಡ.

ಬೇಕಾಗುವ ವಸ್ತುಗಳು (30 ಮಕ್ಕಳ ತರಗತಿಗೆ)

• ಹುಣಸೆ ಬೀಜ 300, ಅವರೆಕಾಳು ಸುಮಾರು 100
• ಆರು ತಟ್ಟೆ, ಮರಳು ತುಂಬಿದ ಆರು ಬಟ್ಟಲು
• ಕರ್ನಾಟಕದ ಭೂಪಟ, ಬಣ್ಣದ ದಾರ
• ದಪ್ಪ ಕಾಗದ, ಗುಂಡುಪಿನ್ನು, ಕಡ್ಡಿ
• ಒಂದೇ ಅಳತೆಯ ಎರಡು ಸ್ಟೀಲ್ ಲೋಟ, ಕಪ್ಪು ಮತ್ತು ಬಿಳಿ ಕಾಗದ, ಥರ್ಮಾಮೀಟರ್

ಹಂತ 1: ಮನೆಯ ಪಟ್ಟಿ

ಹಿಂದಿನ ದಿನವೇ ಮನೆಗೆಲಸ ಕೊಡಿ. ಬೆಳಿಗ್ಗೆ ಎದ್ದಾಗಿನಿಂದ ಶಾಲೆಗೆ ಬರುವವರೆಗೆ ಮನೆಯಲ್ಲಿ ಏನೇನು ಉರಿಯಿತು, ತಿರುಗಿತು, ಬಿಸಿಯಾಯಿತು, ಓಡಿತು ಎಂದು ಬರೆದುಕೊಂಡು ಬರಲಿ. ಪಕ್ಕದಲ್ಲಿ ‘ಯಾವುದರಿಂದ?’ ಎಂಬ ಇನ್ನೊಂದು ಕಾಲಂ. ಹಂಡೆ ಒಲೆ: ಸೌದೆ, ತೆಂಗಿನ ಗರಿ. ಅಡುಗೆ: ಗ್ಯಾಸ್. ಅಪ್ಪನ ಬೈಕು: ಪೆಟ್ರೋಲ್. ಮಿಕ್ಸಿ, ಫ್ಯಾನು, ಪಂಪ್‌ಸೆಟ್: ಕರೆಂಟು.

ತರಗತಿಯಲ್ಲಿ ಎಲ್ಲವನ್ನೂ ಬೋರ್ಡಿನ ಮೇಲೆ ಒಟ್ಟುಗೂಡಿಸಿ. ‘ಕರೆಂಟು’ ಎಂಬ ಉತ್ತರ ಹತ್ತಾರು ಸಲ ಬಂದಿರುತ್ತದೆ. ಅದರ ಸುತ್ತ ದೊಡ್ಡ ವೃತ್ತ ಎಳೆದು, ‘ಸರಿ, ಕರೆಂಟು ಯಾವುದರಿಂದ?’ ಎಂದು ಕೇಳಿ ಅಂದಿನ ಪಾಠ ನಿಲ್ಲಿಸಿ. ಕರೆಂಟು ಸ್ವತಃ ಮೂಲವಲ್ಲ, ಬೇರೆಲ್ಲೋ ಹುಟ್ಟಿದ ಶಕ್ತಿಯನ್ನು ಹೊತ್ತು ತರುವ ವಾಹಕ. ಈ ತಿಳಿವಳಿಕೆ ಮುಂದಿನ ಎಲ್ಲ ಹಂತಕ್ಕೂ ಬೇಕು.

ಒಂದು ಎಚ್ಚರಿಕೆ: ಯಾರ ಮನೆಯಲ್ಲಿ ಏನಿದೆ, ಏನಿಲ್ಲ ಎಂಬ ಹೋಲಿಕೆಗೆ ಪಟ್ಟಿ ದಾರಿಯಾಗಬಾರದು. ಹೆಸರು ಹಾಕದೆ ಒಟ್ಟು ಮಾಡಿ.

ಹಂತ 2: ಕರೆಂಟಿನ ಊರು ಹುಡುಕಿ

ಭೂಪಟವನ್ನು ಗೋಡೆಗೆ ತೂಗುಹಾಕಿ ಐದು ಜಾಗ ಗುರುತಿಸಿ.

• ಶರಾವತಿ ಕಣಿವೆ: ಲಿಂಗನಮಕ್ಕಿ ಜಲಾಶಯದ ನೀರಿನಿಂದ ನಡೆಯುವ 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ಇಲ್ಲಿದೆ.
• ರಾಯಚೂರಿನ ಶಕ್ತಿನಗರ: ಕಲ್ಲಿದ್ದಲಿನ 1,720 ಮೆಗಾವಾಟ್ ಸ್ಥಾವರ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ತೆಲಂಗಾಣದ ಸಿಂಗರೇಣಿಯಂಥ ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರಬೇಕು.
• ಉತ್ತರ ಕನ್ನಡದ ಕೈಗಾ: ಯುರೇನಿಯಂ ಬಳಸುವ 220 ಮೆಗಾವಾಟ್‌ನ ನಾಲ್ಕು ಘಟಕಗಳು.
• ತುಮಕೂರು ಜಿಲ್ಲೆಯ ಪಾವಗಡ: ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್. ಜಮೀನು ರೈತರದ್ದೇ, ಗುತ್ತಿಗೆಗೆ ಕೊಟ್ಟಿದ್ದಾರೆ.
• ಚಿತ್ರದುರ್ಗ, ಗದಗದ ಗುಡ್ಡಗಳು: ಗಾಳಿಯಂತ್ರಗಳು.

ಐದೂ ಕಡೆಯಿಂದ ನಿಮ್ಮ ಊರಿಗೆ ದಾರ ಎಳೆಯಿರಿ. ಎಲ್ಲ ಕರೆಂಟೂ ಒಂದೇ ಜಾಲಕ್ಕೆ ಸೇರಿ ಬರುತ್ತದೆ. ತಲೆಯ ಮೇಲಿನ ಫ್ಯಾನಿಗೆ ಬಂದದ್ದು ಶರಾವತಿಯದ್ದೋ ರಾಯಚೂರಿನದ್ದೋ ಬೇರ್ಪಡಿಸಿ ಹೇಳಲಾಗದು ಎಂದು ತಿಳಿಸಿ.

ನಂತರ ಕಾಗದದ ಗಿರಗಿಟ್ಲೆ ಮಾಡಿಸಿ. ಮಕ್ಕಳು ಅದನ್ನು ಹಿಡಿದು ಅಂಗಳದಲ್ಲಿ ಓಡಲಿ, ಅದು ಗಾಳಿಯಂತ್ರ. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿದ ಇನ್ನೊಂದನ್ನು ನಲ್ಲಿಯ ಧಾರೆಗೆ ಹಿಡಿದರೆ ಜಲವಿದ್ಯುತ್ತಿನ ಟರ್ಬೈನ್. ಕುದಿಯುವ ಕೆಟಲಿನ ಆವಿಗೆ ಹಿಡಿದರೆ ಉಷ್ಣ ಸ್ಥಾವರ. ಇದನ್ನು ಶಿಕ್ಷಕರೇ ಮಾಡಬೇಕು, ಮಕ್ಕಳು ಎರಡು ಮಾರು ದೂರ ನಿಲ್ಲಬೇಕು. ಕೈಗಾದಲ್ಲೂ ಕೊನೆಗೆ ನಡೆಯುವುದು ನೀರು ಕಾಯಿಸಿ ಆವಿಯಿಂದ ಚಕ್ರ ತಿರುಗಿಸುವ ಕೆಲಸವೇ. ಚಕ್ರ ತಿರುಗಿಸದೆ ಬೆಳಕನ್ನು ನೇರವಾಗಿ ಕರೆಂಟು ಮಾಡುವುದು ಸೋಲಾರ್ ಪ್ಯಾನೆಲ್ ಒಂದೇ ಎಂಬುದನ್ನು ಮಕ್ಕಳೇ ಪಟ್ಟಿ ನೋಡಿ ಹೇಳಲಿ.

ಕಥೆ ಹೇಳಲು ಐದು ನಿಮಿಷ ಉಳಿದರೆ ಶಿವನಸಮುದ್ರದ್ದು ಹೇಳಿ. 1902ರಲ್ಲಿ ಅಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಸಾಗಿ ಕೋಲಾರದ ಚಿನ್ನದ ಗಣಿ ತಲುಪಿತು. 2001ರಲ್ಲಿ ಗಣಿ ಮುಚ್ಚಿತು. ವಿದ್ಯುದಾಗಾರ ಈಗಲೂ ಇದೆ. ನೆಲದಡಿ ಚಿನ್ನ ಪೂರ್ತಿ ಖಾಲಿಯಾಗಿ ಗಣಿ ಮುಚ್ಚಿದ್ದಲ್ಲ. ಆಳಕ್ಕಿಳಿದಂತೆ ತೆಗೆಯುವ ಖರ್ಚು ಸಿಗುವ ಚಿನ್ನದ ಬೆಲೆಗಿಂತ ಹೆಚ್ಚಾಯಿತು. ಕಲ್ಲಿದ್ದಲು, ಎಣ್ಣೆ ‘ಮುಗಿಯುವುದು’ ಎಂದರೂ ಹೀಗೆಯೇ. ಕೊನೆಯ ಹರಳಿಗಿಂತ ಬಹಳ ಮೊದಲೇ ಅದು ಕೈಗೆಟುಕದಂತಾಗುತ್ತದೆ. ಮುಂದಿನ ಆಟಕ್ಕೆ ಇದೇ ಪೀಠಿಕೆ.

ಹಂತ 3: ಬೀಜದಾಟ

ಇದಕ್ಕೆ ಇಡೀ ಪೀರಿಯಡ್ ಕೊಡಿ. ಐದೈದು ಮಕ್ಕಳ ಆರು ಗುಂಪು ಮಾಡಿ. ಪ್ರತಿ ಗುಂಪೂ ಒಂದು ಊರು. ಊರಿಗೆ 50 ಹುಣಸೆ ಬೀಜ: 40 ತಟ್ಟೆಯಲ್ಲಿ, 10 ಮರಳಿನ ಬಟ್ಟಲಲ್ಲಿ ಹೂತು. ಹುಣಸೆ ಬೀಜವೆಂದರೆ ಕಲ್ಲಿದ್ದಲು, ಪೆಟ್ರೋಲ್, ಗ್ಯಾಸ್. ಒಮ್ಮೆ ತೆಗೆದರೆ ವಾಪಸ್ ಇಲ್ಲ.

ಮೊದಲ ಆಟ: ಮೊದಲ ಸುತ್ತಿಗೆ ಊರಿಗೆ 10 ಬೀಜ ಬೇಕು. ಜನ, ಮನೆ, ಯಂತ್ರ ಹೆಚ್ಚುವುದರಿಂದ ಸುತ್ತು ಸುತ್ತಿಗೂ ಎರಡೆರಡು ಹೆಚ್ಚು: 12, 14, 16. ಮೂರು ಸುತ್ತು ಸಲೀಸಾಗಿ ನಡೆಯುತ್ತದೆ. ನಾಲ್ಕನೆಯದಕ್ಕೆ ತಟ್ಟೆಯಲ್ಲಿ ನಾಲ್ಕೇ ಬೀಜ. ಮರಳಿಗೆ ಕೈಹಾಕಬೇಕು, ಅರ್ಧ ನಿಮಿಷದಲ್ಲಿ ಸಿಕ್ಕಷ್ಟೇ ಲೆಕ್ಕ. ಹತ್ತೂ ಸಿಕ್ಕರೂ ಎರಡು ಕಮ್ಮಿ. ಆಗ ಗದ್ದಲ ಏಳುತ್ತದೆ, ಏಳಲಿ. ಯಾವ ಕೆಲಸ ನಿಲ್ಲಿಸುತ್ತೀರಿ ಎಂದು ಪ್ರತಿ ಊರನ್ನೂ ಕೇಳಿ: ಆಸ್ಪತ್ರೆಯೋ, ಪಂಪ್‌ಸೆಟ್ಟೋ, ಟೀವಿಯೋ?

ಎರಡನೇ ಆಟ: ಬೀಜಗಳನ್ನು ಮೊದಲಿನಂತೆಯೇ ಇಡಿ. ಈಗ ಪ್ರತಿ ಸುತ್ತಿನಲ್ಲೂ ನೀವು ಪ್ರತಿ ಊರಿಗೆ 6 ಅವರೆಕಾಳು ಹಂಚಿ. ಇವು ಬಿಸಿಲು, ಗಾಳಿ, ನೀರು. ಬಳಸಿದ ಕಾಳು ನಿಮ್ಮ ಬಳಿ ಮರಳುತ್ತದೆ, ಮುಂದಿನ ಸುತ್ತಿಗೆ ಮತ್ತೆ ಬರುತ್ತದೆ. ಬೇಡಿಕೆ ಮಾತ್ರ ಹಾಗೆಯೇ ಏರುತ್ತದೆ. ಐದು ಸುತ್ತಿನಲ್ಲಿ 4, 6, 8, 10, 12 ಎಂದು ಸರಿಯಾಗಿ 40 ಹುಣಸೆ ಬೀಜ ಖರ್ಚಾಗಿ ತಟ್ಟೆ ಬರಿದಾಗುತ್ತದೆ. ಆರನೇ ಸುತ್ತಿಗೆ ಮತ್ತೆ ಮರಳೇ ಗತಿ.

ಮೂರನೇ ಆಟ: ಸುತ್ತಿಗೆ ಎರಡರಂತೆ ಅವರೆಕಾಳನ್ನೂ ಹೆಚ್ಚಿಸಿ: 6, 8, 10, 12. ಅಂದರೆ ಊರು ಹೊಸ ಪ್ಯಾನೆಲ್, ಗಾಳಿಯಂತ್ರ ಹಾಕುತ್ತಿದೆ. ಈಗ ಸುತ್ತಿಗೆ ನಾಲ್ಕೇ ಹುಣಸೆ ಬೀಜ ಸಾಕು, ತಟ್ಟೆಯಲ್ಲಿರುವುದು ಹತ್ತು ಸುತ್ತಿಗೆ ಬರುತ್ತದೆ. ಬಳಿಕ ಒಂದು ಪ್ರಶ್ನೆ: ಎರಡನೇ ಆಟದಂತೆ ಅವರೆಕಾಳು ಆರೇ ಇದ್ದು, ಬೇಡಿಕೆಯನ್ನು ಹತ್ತರಲ್ಲೇ ತಡೆದಿದ್ದರೆ? ಮಕ್ಕಳು ಲೆಕ್ಕ ಹಾಕಲಿ. ಆಗಲೂ ಸುತ್ತಿಗೆ ನಾಲ್ಕೇ! ಹೊಸ ಪ್ಯಾನೆಲ್ ಹಾಕಿದ್ದಕ್ಕೂ ಬಳಕೆ ಏರದಂತೆ ತಡೆದದ್ದಕ್ಕೂ ಹುಣಸೆ ಬೀಜದ ಉಳಿತಾಯ ಒಂದೇ. ‘ವಿದ್ಯುತ್ ಉಳಿಸಿ’ ಎಂಬ ಗೋಡೆಬರಹಕ್ಕೆ ಇಲ್ಲಿ ಅಂಕಿಯ ಆಧಾರ ಸಿಗುತ್ತದೆ.

ಕೊನೆಗೊಂದು ಬರಗಾಲದ ಸುತ್ತು. 12 ಕಾಳು ಕೊಡಬೇಕಾದಲ್ಲಿ ಎರಡೇ ಕೊಡಿ. ‘ಮಿಸ್, ಇದು ಮೋಸ’ ಎನ್ನುತ್ತಾರೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು, ಜಲವಿದ್ಯುತ್ ಕುಸಿಯಿತು, ಅಕ್ಟೋಬರ್‌ನಲ್ಲಿ ಕರೆಂಟಿನ ಅಭಾವ ಕಾಡಿತು. ಮತ್ತೆ ಬರುವ ಮೂಲ ಎಂದಮಾತ್ರಕ್ಕೆ ಬೇಕೆಂದಾಗ ಸಿಗುವ ಮೂಲವಲ್ಲ. ‘ರಾತ್ರಿ ಹೊತ್ತು ಪಾವಗಡದಲ್ಲಿ ಏನು ಮಾಡ್ತಾರೆ?’ ಎಂದು ಯಾವುದಾದರೂ ಮಗು ಕೇಳಿದರೆ ನಿಮ್ಮ ಪಾಠ ಗೆದ್ದಂತೆ. ಬ್ಯಾಟರಿ, ಜಲಾಶಯಗಳಂಥ ಕೂಡಿಡುವ ದಾರಿಗಳ ಬಗ್ಗೆ ಮಾತಾಡಲು ಅದೇ ಸಂದರ್ಭ.

ಹಂತ 4: ಬಿಸಿಲಿಗೆ ಎರಡು ಲೋಟ

ಒಂದು ಲೋಟಕ್ಕೆ ಕಪ್ಪು ಕಾಗದ, ಇನ್ನೊಂದಕ್ಕೆ ಬಿಳಿ ಕಾಗದ ಸುತ್ತಿ. ಎರಡಕ್ಕೂ 200 ಮಿಲಿಲೀಟರ್ ನೀರು ಹಾಕಿ, ಆಯಾ ಬಣ್ಣದ ಕಾಗದವನ್ನೇ ಮುಚ್ಚಿ ಬೆಳಿಗ್ಗೆ 11ಕ್ಕೆ ಬಿಸಿಲಿನಲ್ಲಿಡಿ. ಪ್ರತಿ ಕಾಲು ಗಂಟೆಗೆ ಇಬ್ಬರು ಮಕ್ಕಳು ಹೋಗಿ ಉಷ್ಣತೆ ಬರೆದುಕೊಂಡು ಬರಲಿ. ಮಿಕ್ಕ ತರಗತಿ ಎಂದಿನಂತೆ ನಡೆಯಲಿ. ಕಪ್ಪು ಲೋಟದ ನೀರು ಹೆಚ್ಚು ಬಿಸಿಯಾಗಿರುತ್ತದೆ. ತಾರಸಿಯ ಸೋಲಾರ್ ವಾಟರ್ ಹೀಟರ್‌ನ ಕೊಳವೆಗಳು ಏಕೆ ಕಪ್ಪು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ. ಸೂರ್ಯನನ್ನು ನೇರವಾಗಿ ನೋಡಬಾರದು ಎಂದು ಮೊದಲೇ ಹೇಳಿ. ಮೋಡ ಕವಿದ ದಿನ ಇನ್ನೊಮ್ಮೆ ಮಾಡಿಸಿ ಎರಡೂ ಪಟ್ಟಿ ಅಕ್ಕಪಕ್ಕ ಅಂಟಿಸಿ.

ಹಂತ 5: ಚೀಟಿ ಹಂಚಿ, ವಾದ ಹಚ್ಚಿ

ಬಿಸಿಲು, ಗಾಳಿ, ಕಲ್ಲಿದ್ದಲು ಎಂಬ ಸುಲಭದ ಚೀಟಿಗಳ ಜೊತೆ ಕಷ್ಟದವನ್ನೂ ಸೇರಿಸಿ. ಪ್ರತಿ ಚೀಟಿಗೂ ಎರಡೇ ಪ್ರಶ್ನೆ: ಬಳಸಿದ್ದು ನಮ್ಮ ಜೀವಮಾನದೊಳಗೆ ಮತ್ತೆ ಬರುತ್ತದೆಯೇ? ಬರುವುದಕ್ಕಿಂತ ಬೇಗ ನಾವು ಬಳಸುತ್ತಿದ್ದೇವೆಯೇ?

• ಸೌದೆ: ನವೀಕರಿಸಬಹುದಾದದ್ದು, ಆದರೆ ಕಡಿದಷ್ಟು ಬೆಳೆಸಿದರೆ ಮಾತ್ರ. ಹೊಗೆಯ ತೊಂದರೆ ಬೇರೆಯದೇ ಪ್ರಶ್ನೆ.
• ಗೋಬರ್ ಗ್ಯಾಸ್: ಕೊಟ್ಟಿಗೆಯಲ್ಲಿ ದನ ಇರುವವರೆಗೂ ಇದೆ. ಸಿಲಿಂಡರಿನ ಎಲ್‌ಪಿಜಿ ಹಾಗಲ್ಲ, ಅದು ನೆಲದಡಿಯ ತೈಲ ಮತ್ತು ಅನಿಲದಿಂದ ಬಂದದ್ದು. ಎರಡೂ ನೀಲಿ ಉರಿಯೇ, ಮೂಲ ಬೇರೆ.
• ಯುರೇನಿಯಂ: ಹೊಗೆ ಇಲ್ಲ, ಆದರೂ ನವೀಕರಿಸಲಾಗದ್ದು. ‘ಹೊಗೆ ಇದ್ದರೆ ಕೆಟ್ಟ ಪಟ್ಟಿ’ ಎಂಬ ತರ್ಕ ಮುರಿಯಲು ಇದಕ್ಕಿಂತ ಒಳ್ಳೆಯ ಚೀಟಿ ಇಲ್ಲ.
• ಕರೆಂಟ್ ಸ್ಕೂಟರ್: ಚಾರ್ಜ್ ಮಾಡಿದ ಕರೆಂಟು ಎಲ್ಲಿಂದ ಬಂತು ಎಂಬುದರ ಮೇಲಿದೆ. ಎರಡನೇ ಹಂತದ ಭೂಪಟಕ್ಕೆ ವಾಪಸ್ ಹೋಗಿ.
• ಕಲ್ಲಿದ್ದಲು: ‘ಅದೂ ಮರವೇ ಅಲ್ವಾ ಮಿಸ್?’ ಎಂಬ ಪ್ರಶ್ನೆ ಬರುತ್ತದೆ. ಹೌದು, ಆದರೆ ಭಾರತದ ಕಲ್ಲಿದ್ದಲಿನ ಬಹುಪಾಲು ಸುಮಾರು 25ರಿಂದ 30 ಕೋಟಿ ವರ್ಷಗಳಷ್ಟು ಹಳೆಯ ಸಸ್ಯಗಳದ್ದು. ಡೈನೋಸಾರ್‌ಗಳು ಹುಟ್ಟುವುದಕ್ಕೂ ಮುಂಚಿನದು.
• ಪೆಟ್ರೋಲ್: ಡೈನೋಸಾರ್‌ಗಳಿಂದ ಆದದ್ದು ಎಂಬ ನಂಬಿಕೆ ಮಕ್ಕಳಲ್ಲಿದ್ದರೆ ತಿದ್ದಿ. ಕಚ್ಚಾತೈಲದ ಹೆಚ್ಚಿನ ಭಾಗ ಆಗಿರುವುದು ಸಮುದ್ರದ ಸೂಕ್ಷ್ಮ ಜೀವಿಗಳಿಂದ.

ವಾದದ ನಡುವೆ ಇನ್ನೊಂದು ಮಾತು ಬರಬೇಕು. ನವೀಕರಿಸಬಹುದಾದ ಮೂಲಕ್ಕೂ ಬೆಲೆ ತೆತ್ತವರಿದ್ದಾರೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳೇ ಮುಳುಗಿ ಜನ ಮನೆ, ತೋಟ ಬಿಟ್ಟು ಎದ್ದರು. ಜಮೀನಿನ ಮೇಲೆ ಪ್ಯಾನೆಲ್ ಬಂದರೆ ರೈತನಿಗೆ ಬಾಡಿಗೆ ಸಿಗುತ್ತದೆ, ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ? ಉತ್ತರ ನೀವೇ ಕೊಡಬೇಡಿ, ಪ್ರಶ್ನೆ ಮಕ್ಕಳ ಮನೆಯವರೆಗೂ ಹೋಗಲಿ.

ಐದನೇ ತರಗತಿಗೆ ಹೆಚ್ಚುವರಿ: ಬಿಲ್ ಓದು

1,000 ವಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. 2,000 ವಾಟ್‌ನ ಗೀಸರ್ ಅರ್ಧ ಗಂಟೆಗೇ ಒಂದು ಯೂನಿಟ್ ಮುಗಿಸುತ್ತದೆ. 75 ವಾಟ್‌ನ ಹಳೆಯ ಫ್ಯಾನ್ ಅದೇ ಯೂನಿಟ್‌ನಲ್ಲಿ 13 ಗಂಟೆ ತಿರುಗುತ್ತದೆ, 9 ವಾಟ್‌ನ ಎಲ್‌ಇಡಿ ಬಲ್ಬು 111 ಗಂಟೆ ಉರಿಯುತ್ತದೆ. ಭಾಗಾಕಾರದ ಲೆಕ್ಕಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ‘ಗೃಹಜ್ಯೋತಿ ಇದೆ, ನಮಗೆ ಬಿಲ್ಲೇ ಬರಲ್ಲ’ ಎನ್ನುವ ಮಗುವಿಗೆ, ಕಟ್ಟಬೇಕಾದ ಹಣ ಸೊನ್ನೆಯಿದ್ದರೂ ಬಳಸಿದ ಯೂನಿಟ್ ಬಿಲ್ಲಿನಲ್ಲಿ ಇರುವುದನ್ನು ತೋರಿಸಿ.

ಯಾವಾಗ ಮಾಡಬೇಕು?

ಆಗಸ್ಟ್ 20 ಅಕ್ಷಯ ಊರ್ಜಾ ದಿನ, ಡಿಸೆಂಬರ್ 14 ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಆಗಸ್ಟಿನಲ್ಲಿ ಗಾಳಿ ಜೋರು, ಜಲಾಶಯಗಳಿಗೆ ನೀರು ಬರುವ ಕಾಲ. ಗಿರಗಿಟ್ಲೆ ಮತ್ತು ಭೂಪಟ ಆಗ ಮಾಡಿಸಿ. ಲೋಟದ ಪ್ರಯೋಗಕ್ಕೆ ಡಿಸೆಂಬರಿನ ತಿಳಿ ಆಕಾಶವೇ ವಾಸಿ.

ಮೌಲ್ಯಮಾಪನ

ವ್ಯಾಖ್ಯೆ ಬರೆಸಬೇಡಿ. ಪ್ರತಿ ಮಗುವಿಗೆ ಹತ್ತು ಹುಣಸೆ ಬೀಜದ ಚಿತ್ರ ಕೊಟ್ಟು, ‘ನಮ್ಮೂರಿಗೆ ಮುಂದಿನ ವರ್ಷ ಹತ್ತು ಪಾಲು ಶಕ್ತಿ ಬೇಕು. ಯಾವ ಯಾವ ಮೂಲದಿಂದ ಎಷ್ಟೆಷ್ಟು ತರುತ್ತೀರಿ, ಮಳೆ ಬಾರದಿದ್ದರೆ ಏನು ಮಾಡುತ್ತೀರಿ?’ ಎಂದು ಕೇಳಿ. ಹತ್ತೂ ಸೋಲಾರ್ ಎಂದು ಬರೆದವರಿಗೆ ರಾತ್ರಿಯ ಬಗ್ಗೆ, ಹತ್ತೂ ಕಲ್ಲಿದ್ದಲು ಎಂದವರಿಗೆ ಮರಳಿನ ಬಟ್ಟಲಿನ ಬಗ್ಗೆ ಮತ್ತೆ ಕೇಳಿ, ತಿದ್ದಲು ಅವಕಾಶ ಕೊಡಿ. ಮೂಲಗಳನ್ನು ಬೆರೆಸಿ, ಕಾರಣ ಕೊಟ್ಟ ಉತ್ತರಕ್ಕೆ ಪೂರ್ಣ ಅಂಕ. ‘ಹತ್ತು ಯಾಕೆ, ಎಂಟು ಸಾಕು’ ಎಂದು ಪ್ರಶ್ನೆಯನ್ನೇ ತಿದ್ದಿದ ಮಗುವಿಗೂ ಪೂರ್ಣ ಅಂಕವೇ, ಎಂಟರಲ್ಲಿ ಹೇಗೆ ನಡೆಸುವುದೆಂದು ಅದು ಹೇಳಬಲ್ಲದಾದರೆ.