ಮನೆ ಹಿಂದಿನ ಗಲ್ಲಿ ಕಲಿಸೋ ಭೂಬಳಕೆ ಪಾಠ

ಮಲ್ಲೇಶ್ವರಂ, ಬಸವನಗುಡಿ ಕಡೆ ಹಳೇ ಮನೆಗಳ ಹಿಂದೆ ಒಂದು ಸಣ್ಣ ಗಲ್ಲಿ ಇರುತ್ತೆ, ನೋಡಿದ್ದೀರಾ? ಎರಡು ಸಾಲು ಮನೆಗಳ ಹಿತ್ತಿಲಿನ ಮಧ್ಯೆ ಬಿಟ್ಟಿರುವ ಜಾಗ. ಅದಕ್ಕೆ ಕನ್ಸರ್ವೆನ್ಸಿ ಲೇನ್ ಅಂತಾರೆ. ಭೂಬಳಕೆ ಯೋಜನೆ ಅಂದ್ರೆ ಏನು ಅನ್ನೋದನ್ನ ನಾವು ಈ ಗಲ್ಲಿಯಿಂದಲೇ ಶುರು ಮಾಡೋಣ.

1. ಹಳ್ಳಿ ಬಡಾವಣೆ ಆದಾಗ

ಇಂದಿನ ಬಸವನಗುಡಿ ಒಂದು ಕಾಲಕ್ಕೆ ಸುಂಕೇನಹಳ್ಳಿ. ಸುತ್ತ ಕಡಲೆಕಾಯಿ ಬೆಳೆಯುತ್ತಿದ್ದರು. ಪರಿಷೆ ಇವತ್ತಿಗೂ ನಡೆಯುತ್ತೆ. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರಲ್ಲಿ ಇಕ್ಕಟ್ಟಾದ ಪೇಟೆಗೆ ಪ್ಲೇಗ್ ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಗಾಳಿ ಬೆಳಕು ಬರಬೇಕು, ಕೊಳೆ ನಿಲ್ಲಬಾರದು ಅನ್ನೋದು ಉದ್ದೇಶ. ಅದಕ್ಕೇ ಮೊದಲು ರಸ್ತೆ, ಆಮೇಲೆ ಸೈಟು, ಕೊನೆಗೆ ಮನೆ. ಕಾರುಗಳ ಕಾಲಕ್ಕೆ ಮುಂಚೆ ಗೆರೆ ಎಳೆದ ಸಂಪಿಗೆ ರಸ್ತೆಯಲ್ಲಿ ಇವತ್ತು ವಾಹನಗಳು ಓಡಾಡುತ್ತಿವೆ. ಯೋಜನೆ ಮಾಡಿದವರಿಗೆ ಭವಿಷ್ಯ ಗೊತ್ತಿರಲಿಲ್ಲ, ಆದರೆ ಜಾಗ ಬಿಟ್ಟಿದ್ದರು.

2. ಗಲ್ಲಿ ಯಾರಿಗೆ?

ಇಲ್ಲಿ ಒಂದು ಕಹಿ ಸತ್ಯ ಇದೆ. ಫ್ಲಶ್ ಇಲ್ಲದ ಕಾಲದಲ್ಲಿ ಪಾಯಿಖಾನೆ ಬಳಿಯಲು ಬರುವವರು ಮುಂಬಾಗಿಲ ಕಡೆ ಕಾಣಬಾರದು ಅಂತಲೇ ಈ ದಾರಿ. ಅಂದ್ರೆ ಜಾತಿಯೂ ನಕ್ಷೆಯಲ್ಲಿ ಸೇರಿತ್ತು. 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪ ಅವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಉದ್ದೇಶ ಹೋಯಿತು, ಜಾಗ ಉಳಿಯಿತು. ಕೆಲವು ಗಲ್ಲಿಗಳು ಒತ್ತುವರಿ ಆಗಿವೆ, ಕೆಲವು ಕಸದ ತಾಣ. ಉಳಿದ ಕಡೆ ಪೈಪು ರಿಪೇರಿಗೆ ಮುಂದಿನ ರಸ್ತೆ ಅಗೆಯಬೇಕಾಗಿಲ್ಲ.

3. ಒಂದು ಸಣ್ಣ ಲೆಕ್ಕ

ಈಗ ನಗರದಂಚಿನ ಹಳ್ಳಿಗೆ ಬನ್ನಿ. 10 ಎಕರೆ ಹೊಲ ಲೇಔಟ್ ಆಗುತ್ತಿದೆ ಅಂದುಕೊಳ್ಳಿ. 1 ಎಕರೆಗೆ 43,560 ಚದರಡಿ, ಒಟ್ಟು 4,35,600. 30×40 ಸೈಟಿಗೆ 1,200 ಚದರಡಿ. ಏನನ್ನೂ ಬಿಡದಿದ್ದರೆ 363 ಸೈಟು. ರಸ್ತೆ, ಪಾರ್ಕು, ಶಾಲೆಗೆ ಶೇ. 45 ಬಿಟ್ಟರೆ 199. ಈ 164 ಸೈಟುಗಳ ವ್ಯತ್ಯಾಸವೇ ಆಸೆ ಹುಟ್ಟಿಸೋದು. ಆದರೆ ಬಿಡದೆ ಮಾರಿದ ಜಾಗ ಮುಂದೆ ಬೇಕಾದಾಗ ಯಾರದೋ ಮನೆ ಒಡೆಯಬೇಕು.

ಸರ್ಕಾರದ ಯೋಜನೆ ತಡವಾದರೂ ಇದೇ ಕಥೆ. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಜಾರಿಗೆ ಬಂದಿದ್ದು 2007ರಲ್ಲಿ. 2031ರ ಕರಡು 2017ರಲ್ಲಿ ಹೊರಬಂದು ಆಮೇಲೆ ವಾಪಸ್ ಆಯಿತು. ಮನೆಗಳು ಮಾತ್ರ ಕಾಯಲಿಲ್ಲ.

4. ನೀವೇ ಮಾಡಿ ನೋಡಿ

ನಮ್ಮಲ್ಲಿ ಎಷ್ಟೋ ಜನರ ಅಜ್ಜ-ಅಜ್ಜಿ ಊರು ಈಗ ಇದೇ ಹಂತದಲ್ಲಿದೆ. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಹಳ್ಳಿ ನಕ್ಷೆ ಸಿಗುತ್ತೆ. ಪ್ರಿಂಟ್ ತೆಗೆದು ಕೆರೆ, ಕಾಲುವೆ, ಗೋಮಾಳ, ಸ್ಮಶಾನ, ಶಾಲೆಗೆ ಬಣ್ಣ ಹಚ್ಚಿ. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ:

ಮಳೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ?
ಮನೆಗಳು ಎರಡು ಪಟ್ಟಾದರೆ ಬಸ್ಸು ಯಾವ ರಸ್ತೆಯಲ್ಲಿ ಬರುತ್ತೆ?
ಈ ನಕ್ಷೆಯಲ್ಲಿ ಯಾರನ್ನಾದರೂ ಹಿತ್ತಿಲ ದಾರಿಗೆ ತಳ್ಳುತ್ತಿದ್ದೀವಾ?

ಮೊದಲ ಎರಡಕ್ಕೆ ನಮ್ಮ ಸರ್ವೇಯಿಂಗ್ ಲ್ಯಾಬ್ ಸಾಕು. ಮೂರನೆಯದಕ್ಕೆ ಊರಲ್ಲಿ ಎಲ್ಲ ಕೇರಿಗಳಿಗೂ ಹೋಗಿ ಮಾತಾಡಿಸಿಯೇ ಬರಬೇಕು.